ವೇದಿಕೆಯ ಆರನೆಯ ಕುರ್ಚಿ

ಎಲೈ ಸಾಲಪತ್ರಾಧಿದೇವತೆಯೇ, ಮುದ್ರಾಂಕಭೂಷಿತೆಯೇ, ಷರತ್ತುಗಳ ಗಹನಾರಣ್ಯದಲ್ಲಿ ವಿಹರಿಸುವವಳೇ, ನನ್ನ ನಾಲಗೆಯಲ್ಲಿ ಕ್ಷಣಕಾಲ ನೆಲೆಸು. ವಿಚಾರಸಂಕಿರಣಗಳು ದೀಪದೊಂದಿಗೆ ಉದಯಿಸಿ ಊಟದೊಂದಿಗೆ ಅಸ್ತಮಿಸುತ್ತಿದ್ದ ಆ ಮಹಾಯುಗದಲ್ಲಿ, ಮಂಗಳೂರೆಂಬ ಕಡಲಕರೆಯ ಪಟ್ಟಣದಲ್ಲಿ, ಸಾಗರತೀರ ಬ್ಯಾಂಕಿನ ಕಾನೂನು ವಿಭಾಗದ ಮುಖ್ಯಸ್ಥೆಯಾಗಿ ವಾರಿಜಾ ಪಡಿಯಾರ್ ಎಂಬ ವೀರಾಂಗನೆ ವಿರಾಜಿಸುತ್ತಿದ್ದಳು. ಸುಸ್ತಿದಾರದರ್ಪದಮನೆ, ಕರಾರುಕಂಟಕನಿವಾರಿಣಿ, ವಾಯಿದಾಪ್ರಿಯವಕೀಲಭಯಂಕರಿ ಎಂಬ ಬಿರುದುಗಳನ್ನು ಅವಳಿಗೆ ಯಾರೂ ಕೊಟ್ಟಿರಲಿಲ್ಲ. ಕೊಡಬಹುದಿತ್ತು ಎಂದು ಅವಳಿಗೇ ಆಗಾಗ ಅನ್ನಿಸುತ್ತಿತ್ತು.

ಅಂದು ಬ್ಯಾಂಕಿನ ಸಭಾಂಗಣದಲ್ಲಿ 'ಬ್ಯಾಂಕಿಂಗ್ ಕಾನೂನಿನಲ್ಲಿ ಮಹಿಳಾ ನಾಯಕತ್ವ' ಎಂಬ ಬ್ಯಾನರು ದಿಗಂತವನ್ನೇ ಮರೆಮಾಡಿ ತೂಗುತ್ತಿತ್ತು. ಅದರಡಿಯಲ್ಲಿ ಐದು ಮೆತ್ತನೆಯ ಕುರ್ಚಿಗಳು. ಅವುಗಳ ಮೇಲೆ, ಬ್ಯಾಂಕಿನ ಅಧ್ಯಕ್ಷರೂ ಸೇರಿ, ಕೋಟುಧರರೂ ಶಾಲುಭೂಷಿತರೂ ಆದ ಐವರು ಗಂಡಸರು. ಪ್ರಧಾನ ಭಾಷಣ ಮಾಡಬೇಕಾದ ವಾರಿಜೆಗೆ ಕೆಳಗೆ ಮುಂದಿನ ಸಾಲಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ.

ಅವಳ ಹಿಂದಿನ ಸಾಲುಗಳಲ್ಲಿ ಅವಳದೇ ವಿಭಾಗದ ಹುಡುಗಿಯರು, ಹೊಸದಾಗಿ ಸೇರಿದ ವಕೀಲೆಯರು, ಕೂತಿದ್ದರು. "ಮೇಡಂ ಯಾಕೆ ಮೇಲೆ ಹೋಗ್ಲಿಲ್ಲ?" ಎಂದು ಒಬ್ಬಳು ಪಿಸುಗುಟ್ಟಿದಳು. "ಅವರಿಗೆ ಅಲ್ಲಿ ಜಾಗ ಇಲ್ಲಂತೆ," ಎಂದಳು ಇನ್ನೊಬ್ಬಳು, ಅದರಲ್ಲಿ ವಿಶೇಷವೇನೂ ಇಲ್ಲವೆಂಬಂತೆ. ಆ ಸಹಜತೆಯೇ ವಾರಿಜೆಯ ಬೆನ್ನಿಗೆ ಕೂರಂಬಿನಂತೆ ನಾಟಿತು.

ಪ್ರಳಯಕಾಲದ ಮೇಘದಂತೆ ಅವಳು ಎದ್ದಳು. ಕೂತಿದ್ದ ಕುರ್ಚಿಯನ್ನು, ಗೋವರ್ಧನಗಿರಿಯೋ ಎಂಬಂತೆ, ಎರಡೂ ಕೈಗಳಿಂದ ಎತ್ತಿ ವೇದಿಕೆಯ ಮೆಟ್ಟಿಲೇರಿದಳು. ಸೆರಗು ಕುರ್ಚಿಯ ಕಾಲಿಗೆ ಸಿಕ್ಕಿತು. ಬಿಡಿಸಿಕೊಂಡು ಮತ್ತೆ ಏರಿದಳು.

ಶಿಷ್ಟಾಚಾರದುರ್ಗಪಾಲನಾದ ಕಾರ್ಯನಿರ್ವಾಹಕ ನಿರ್ದೇಶಕ ನರಹರಿ ಬಲ್ಲಾಳ ಅಡ್ಡ ಬಂದ. "ಎಂತ ಮೇಡಂ ಇದು? ಕೆಳಗೆ ಫ್ಯಾನ್ ಗಾಳಿ ಚೆನ್ನಾಗಿ ಬರ್ತದೆ ಅಂತ ನಾನೇ ನಿಮಗೆ ಅಲ್ಲಿ ಜಾಗ ಇಡಿಸಿದ್ದು."

"ಕೇಳು ಬಲ್ಲಾಳಕುಲತಿಲಕ," ಎಂದು ಗರ್ಜಿಸಬೇಕೆಂದಿತ್ತು ಅವಳಿಗೆ. "ನಿನ್ನ ಸಹಿ ಬೀಳುವ ಒಂದೊಂದು ಕರಾರಿನ ಗರ್ಭದಲ್ಲೂ ನನ್ನ ತಿದ್ದುಪಡಿಯಿದೆ, ನ್ಯಾಯಾಲಯದ ರಣಾಂಗಣದಲ್ಲಿ ನಿನ್ನ ಮಾನ ಉಳಿದದ್ದು ನನ್ನ ವಾದದಿಂದ!" ಆದರೆ ಬಾಯಿಂದ ಹೊರಟದ್ದು ಇಷ್ಟೇ: "ಮಾತಾಡುವವರು ವೇದಿಕೆಯಲ್ಲಿ ಕೂರ್ತಾರೆ ಸರ್. ಸ್ವಲ್ಪ ಆಚೆ ಸರೀರಿ."

ಬಲ್ಲಾಳ ಸರಿದ. ಆರನೆಯ ಕುರ್ಚಿ ನೆಲಕ್ಕೂರಿತು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿ, ಹೆದರಿ ನಿಲ್ಲಿಸಿದರು.

ಆಮೇಲೆ ಐವರು ಮಹಾರಥರೂ ಸ್ತ್ರೀಶಕ್ತಿಯ ಮೇಲೆ ವಾಗ್ಬಾಣಗಳ ಮಳೆಗರೆದರು. ಒಬ್ಬ ತನ್ನ ತಾಯಿಯನ್ನು ನೆನೆದು ಗದ್ಗದಿತನಾದ. ಮತ್ತೊಬ್ಬ ಹೆಂಡತಿಯ ಸಾರನ್ನು ಕೊಂಡಾಡಿದ. ವಾರಿಜೆಯ ಸರದಿ ಬಂದಾಗ ಬಲ್ಲಾಳ ಬಗ್ಗಿ, "ಎರಡೇ ನಿಮಿಷ ಮೇಡಂ, ನೀರುದೋಸೆ ತಣಿಯುತ್ತದೆ," ಎಂದ.

ಅವಳು ಬರೆದು ತಂದಿದ್ದ ಭಾಷಣವನ್ನು ಮಡಚಿಟ್ಟಳು. "ನಮ್ಮ ಕಾನೂನು ವಿಭಾಗದಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು. ಈ ಸಲ ಬಡ್ತಿ ಸಿಕ್ಕಿದವರಲ್ಲಿ ಒಬ್ಬಳೂ ಇಲ್ಲ. ಅಧ್ಯಕ್ಷರು ಇಲ್ಲೇ ಇದ್ದಾರೆ, ಯಾಕೆ ಅಂತ ಅವರು ಹೇಳಲಿ."

ಹುಡುಗಿಯರು ಬೆನ್ನು ನೆಟ್ಟಗೆ ಮಾಡಿ ಕೂತರು. ಅಧ್ಯಕ್ಷರು ಮೈಕಿನತ್ತ ಬಾಗಿ, ಗಂಟಲು ಸರಿಮಾಡಿಕೊಂಡು, "ಪರಿಶೀಲಿಸುತ್ತೇವೆ. ಈಗ ಎಲ್ಲರೂ ಊಟಕ್ಕೆ ಬನ್ನಿ," ಎಂದರು.

ಕ್ಷಣದಲ್ಲಿ ಸಭಾಂಗಣ ಬರಿದಾಯಿತು. ವೇದಿಕೆಯಲ್ಲಿ ಒಬ್ಬಳೇ ಉಳಿದ ವಿಜಯಿನಿಯ ಬಳಿಗೆ ಅಡುಗೆಯ ಸದಾಶಿವಣ್ಣ ಬಂದ. "ಮೇಡಂ, ಆ ಕುರ್ಚಿ ಬೇಕಿತ್ತು. ಊಟಕ್ಕೆ ಕುರ್ಚಿ ಸಾಕಾಗ್ಲಿಲ್ಲ."

"ನಾನೇ ತರ್ತೇನೆ," ಎಂದಳು ವಾರಿಜಾ. ಹೊತ್ತುಕೊಂಡು ಹೋಗಿ, ಹುಡುಗಿಯರ ಮಧ್ಯೆ ಹಾಕಿ, ಅದರ ಮೇಲೆಯೇ ಕೂತು ಊಟಕ್ಕೆ ತೊಡಗಿದಳು.

ತುಸು ಹೊತ್ತಿಗೆ ಬಲ್ಲಾಳ ತಟ್ಟೆ ಹಿಡಿದು ಪಕ್ಕದಲ್ಲಿ ಬಂದು ನಿಂತ. "ನಿಮ್ಮದು ಮುಗೀತಾ ಮೇಡಂ? ಕೂರ್ಲಿಕ್ಕೆ ಎಲ್ಲೂ ಜಾಗ ಇಲ್ಲ."

"ಇಲ್ಲ ಸರ್," ಎಂದಳು ವಾರಿಜಾ. "ಇನ್ನು ಪಾಯಸ ಉಂಟು."