ಲಿವರ್ ಹಿಡಿದ ಜೋಡಿ

ಟೈಲರಮ್ಮ ಅಳತೆಯ ಟೇಪನ್ನು ಮನೆಯಾಕೆಯ ಬಲತೋಳಿಗೆ ಸುತ್ತಿದಳು, ಎಡತೋಳಿಗೆ ಸುತ್ತಿದಳು, ಅನುಮಾನ ಬಂದು ಮತ್ತೆ ಬಲತೋಳಿಗೆ ಸುತ್ತಿ, "ಅಕ್ಕಾ, ನೀವೇನು ಕುಸ್ತಿ ಗಿಸ್ತಿ ಆಡ್ತೀರಾ?" ಎಂದು ಕೇಳಿದಳು. ಅವತ್ತೇ ಮನೆಯಲ್ಲಿ ಮಹಾಯುದ್ಧ ಘೋಷಣೆಯಾಯಿತು.

"ಏನ್ರೀ, ಕೇಳಿಸ್ತಾ? ನನ್ನ ಒಂದು ತೋಳು ನನ್ನದು, ಇನ್ನೊಂದು ಪೈಲ್ವಾನನದ್ದು! ಸಾಕು. ಸೋಮವಾರದಿಂದ ನಾನು ಆ ಲಾರಿ ಲಿವರ್ ಮುಟ್ಟಲ್ಲ. ರಿಪೇರಿ ಮಾಡಿ, ಇಲ್ಲಾಂದ್ರೆ ಲಾರೀನ ನನ್ನ ತಮ್ಮನ ಗ್ಯಾರೇಜಿಗೆ ಬಿಡಿ."

ಬಾಮೈದನ ಗ್ಯಾರೇಜಿಗೆ! ಯಜಮಾನರ ಮೀಸೆ ನಿಮಿರಿತು. ಬೀಗರೆಲ್ಲ ಸೇರಿದ್ದ ಊಟದ ಪಂಕ್ತಿಯಲ್ಲಿ, "ನನ್ನ ಲಾರಿಯ ಒಂದು ನಟ್ಟನ್ನೂ ಬೇರೆಯವನ ಕೈಗೆ ಕೊಡುವ ಮಗ ನಾನಲ್ಲ" ಎಂದು ಎಲೆಯ ಮುಂದೆ ಕೂತು ಸಾರಿದ್ದವರು ಅವರು. ಈಗ ಅದೇ ಬಾಮೈದನ ಮುಂದೆ ಕೈಕಟ್ಟಿ ನಿಲ್ಲುವುದಕ್ಕಿಂತ ಲಾರಿಯ ಕೆಳಗೆ ಮಲಗುವುದೇ ಮೇಲು ಎನಿಸಿತು.

ಲಾರಿಯ ಕತೆ ಸ್ವಲ್ಪ ಹೇಳಬೇಕು. ಗುಡ್ಡದ ಮೇಲೆ ಮನೆ ಕಟ್ಟುವವರಿಗೆ ಇಟ್ಟಿಗೆ ಹೊರುವುದು ಅದರ ಕಾಯಕ. ಗೇರ್ ಬಾಕ್ಸಿನ ಹಿಂದೆ ಅದಕ್ಕೆ ಇನ್ನೊಂದು ಪೆಟ್ಟಿಗೆಯಿದೆ, ಟ್ರಾನ್ಸ್‌ಫರ್ ಕೇಸ್ ಅಂತ. (ಕೇಸ್ ಎಂದ ಕೂಡಲೇ ವಕೀಲರನ್ನು ನೆನೆಯಬೇಡಿ. ಆದರೆ ಇದೂ ವರ್ಷಗಟ್ಟಲೆ ಎಳೆದಿತ್ತು ಎನ್ನುವುದು ನಿಜ.) ಎಂಜಿನ್ನಿನ ಬಲವನ್ನು ಮುಂದಿನ ಗಾಲಿಗಿಷ್ಟು, ಹಿಂದಿನ ಗಾಲಿಗಿಷ್ಟು ಎಂದು ಪಾಲು ಮಾಡಿ ಕೊಡುವ ಹಿರಿಯ ಅದು. ಏರು ಬಂದಾಗ ಅದರ ಚಿಕ್ಕ ಲಿವರನ್ನು 'ಲೋ'ಗೆ ಹಾಕಿದರೆ ಲಾರಿ ನಿಧಾನವಾಗಿ, ಆದರೆ ಭಾರೀ ಬಲದಿಂದ ಹತ್ತುತ್ತದೆ. ಈ ಲಾರಿಯಲ್ಲಿ ಮಾತ್ರ ನಡು ಏರಿನಲ್ಲಿ ಆ ಲಿವರ್ ಟಣ್ ಎಂದು ನ್ಯೂಟ್ರಲಿಗೆ ಹಾರುತ್ತಿತ್ತು. ಎಂಜಿನ್ ಕಿರುಚುತ್ತಿತ್ತು, ಲಾರಿ ಇಟ್ಟಿಗೆ ಸಮೇತ ಹಿಂದಕ್ಕೆ ಜಾರುತ್ತಿತ್ತು.

ಇದಕ್ಕೆ ಯಜಮಾನರು ಕಂಡುಹಿಡಿದ ಪರಿಹಾರದ ಹೆಸರು ಧರ್ಮಪತ್ನಿ. ಆಕೆ ಪಕ್ಕದಲ್ಲಿ ಕೂತು ಲಿವರನ್ನು ಗಟ್ಟಿಯಾಗಿ ಒತ್ತಿ ಹಿಡಿದರೆ ಲಾರಿ ಗುಡ್ಡ ಹತ್ತುತ್ತಿತ್ತು. ಜನಕ್ಕೆ ಈ ಗುಟ್ಟು ಗೊತ್ತಿಲ್ಲ. "ನೋಡ್ರಪ್ಪ, ಜೋಡಿ ಅಂದ್ರೆ ಇದು! ಒಂದು ದಿನ ಬಿಟ್ಟಿರಲ್ಲ" ಎಂದು ಬೀದಿಯವರೆಲ್ಲ ಹೊಸದಾಗಿ ಮದುವೆಯಾದವರಿಗೆ ಇವರನ್ನು ತೋರಿಸುತ್ತಿದ್ದರು.

ಶನಿವಾರ ಯಜಮಾನರು ಹಳೇ ಚಡ್ಡಿ ತೊಟ್ಟು ರಣರಂಗಕ್ಕಿಳಿದರು. ಮೊದಲು ಲಿವರಿನಿಂದ ಪೆಟ್ಟಿಗೆಗೆ ಹೋಗುವ ಸರಳುಗಳನ್ನು ಅಲ್ಲಾಡಿಸಿ ನೋಡಿದರು. ಗಟ್ಟಿಯಾಗಿದ್ದವು.

"ಎಲ್ಲಾ ಸರಿ ಇದೆ ಕಣೇ. ನಿನ್ನ ಹಿಡಿತಾನೇ ಸಡಿಲ!"

"ಸಡಿಲಾನಾ? ಒಂದ್ಸಲ ನಿಮ್ಮ ಕುತ್ತಿಗೆ ಕೊಡಿ, ತೋರಿಸ್ತೀನಿ. ಅದು ಎಕ್ಸಲರೇಟರ್ ಒತ್ತಿದಾಗ ಹಾರಲ್ಲ ರೀ. ನೀವು ಕಾಲು ತೆಗೆದ ತಕ್ಷಣ ಕೈಗೆ ಗುದ್ದಿ ಹಾರುತ್ತೆ. ಒಳಗೇ ಏನೋ ಸವೆದಿದೆ. ಲಾರಿ ಓಡಿಸೋರ ಮಗಳು ನಾನು, ಇಷ್ಟೂ ಗೊತ್ತಾಗಲ್ವಾ?"

"ಅದನ್ನೇ ನಾನೂ ಹೇಳ್ಬೇಕು ಅಂತಿದ್ದೆ" ಎಂದರು ಯಜಮಾನರು. (ಅಂತಿರಲಿಲ್ಲ.)

ಪೆಟ್ಟಿಗೆಯ ಎಣ್ಣೆ ಇಳಿಸಲು ಅಡುಗೆಮನೆಯಿಂದ ಒಂದು ಪಾತ್ರೆ ಮಾಯವಾಯಿತು. ಫ್ರಿಜ್ಜಿನ ಬಾಗಿಲ ಮೇಲಿದ್ದ ಚಿಟ್ಟೆಯಾಕಾರದ ಅಯಸ್ಕಾಂತವೂ ಹಿಂದೆಯೇ ಹೊರಟಿತು. ಅದನ್ನು ಎಣ್ಣೆಯಲ್ಲಿ ಆಡಿಸಿ ಎತ್ತಿದರೆ ಚಿಟ್ಟೆಗೆ ಸವೆದ ಕಬ್ಬಿಣದ ಪುಡಿಯ ಗಡ್ಡ ಬಂದಿತ್ತು. ಪೆಟ್ಟಿಗೆ ಬಿಚ್ಚದೆ ಗತಿಯಿರಲಿಲ್ಲ.

ಗಾಲಿಗಳಿಗೆ ಬಲ ಒಯ್ಯುವ ಮುಂದಿನ ಶಾಫ್ಟು ಬಿಚ್ಚಿದರು, ಹಿಂದಿನದನ್ನು ಬಿಚ್ಚಿದರು. ಕೊನೆಯ ಬೋಲ್ಟು ಬಿಚ್ಚಿದಾಗ ಕೆಳಗೆ ಕೊಟ್ಟಿದ್ದ ಜಾಕು ಸ್ವಲ್ಪ ವಾಲಿ, ಪೆಟ್ಟಿಗೆಯ ಅರ್ಧ ಭಾರ ಯಜಮಾನರ ಎರಡೂ ಕೈಗೆ ಬಂತು.

"ಲೇ! ಬಾರೇ! ಬೇಗ! ಕೈ ಸೋತು ಹೋಗ್ತಿದೆ!"

ಮನೆಯಾಕೆ ಸಾವಕಾಶವಾಗಿ ಬಗ್ಗಿ ನೋಡಿದಳು. "ಭಾರಾನಾ? ಸ್ವಲ್ಪ ಹೊತ್ತು ಹಿಡ್ಕೊಂಡಿರಿ. ನಾನು ಇಷ್ಟು ವರ್ಷ ಹಿಡ್ಕೊಂಡಿರಲಿಲ್ವಾ?" ಎಂದು ಹೇಳಿ, ಪೂರ್ತಿ ಹೇಳಿ ಮುಗಿಸಿದ ಮೇಲೆಯೇ ಜಾಕನ್ನು ನೆಟ್ಟಗೆ ಮಾಡಿದಳು.

ಪೆಟ್ಟಿಗೆ ಊಟದ ಮೇಜನ್ನು ಅಲಂಕರಿಸಿತು. ಯಜಮಾನರ ತಾಯಿ ತಟ್ಟೆ ಹಿಡಿದು ಬಂದವರು ಅದನ್ನು ಕಂಡು, "ಇದನ್ನ ಯಾರು ತಿಂತಾರೋ?" ಎಂದು ಹಿಂದಿರುಗಿದರು.

ಮುಚ್ಚಳ ತೆಗೆದಾಗ ಮೊದಲು ಸಿಕ್ಕಿದ್ದು ಒಂದು ಪುಟಾಣಿ ಸ್ಪ್ರಿಂಗ್, ಎರಡು ತುಂಡಾಗಿ. ಲಿವರನ್ನು ಹಾಕಿದ ಕಡೆ ನಿಲ್ಲಿಸುವುದೇ ಅದರ ಕೆಲಸ. ಅದರ ಕೆಳಗೆ, ಹಲ್ಲಿನ ಬಳೆಯೊಂದನ್ನು ಹಿಂದೆ ಮುಂದೆ ತಳ್ಳುವ ಫೋರ್ಕ್ ಎಂಬ ಕವಲು. ಅದರ ಒಂದು ಮೈ ದಪ್ಪಗೆ ಹೊಸದರಂತಿದೆ, ಇನ್ನೊಂದು ಮೈ ಕಾಗದದಷ್ಟು ತೆಳ್ಳಗೆ. ಬಳೆಯ ಹಲ್ಲುಗಳೂ ಬೋಳು.

ಮನೆಯಾಕೆ ಕವಲನ್ನು ಬೆಳಕಿಗೆ ಹಿಡಿದಳು. "ಒಂದೇ ಕಡೆ ಸವೆದಿದೆ ನೋಡಿ. ನಾನು ಒತ್ತಿ ಹಿಡೀತಿದ್ದ ಕಡೆ. ತಿರುಗೋ ಬಳೆಗೆ ಇದನ್ನ ದಿನವಿಡೀ ಉಜ್ಜಿದ ಹಾಗಾಯ್ತು."

ಯಜಮಾನರಿಗೆ ಸ್ವರ್ಗ ಮೂರೇ ಗೇಣು. "ಅಂದ್ರೆ ಇದನ್ನ ಸವೆಸಿದ್ದು ನೀನೇ! ಒಪ್ಕೊಂಡೆ ತಾನೇ?"

"ಹಿಡಿ ಅಂದೋರು ಯಾರು?"

ಯಜಮಾನರು ಪೆಟ್ಟಿಗೆಯ ಮುಚ್ಚಳ ಒರೆಸತೊಡಗಿದರು. ಆಕೆ ಬಿಡಲಿಲ್ಲ.

"ಬೆರಳುದ್ದದ ಸ್ಪ್ರಿಂಗ್ ಮುರೀತು. ಅವತ್ತೇ ಬದಲಾಯಿಸೋದು ಬಿಟ್ಟು ಹೆಂಡತೀನ ಸಿಕ್ಕಿಸಿದ್ರಿ. ಕವಲೂ ಹೋಯ್ತು, ಹಲ್ಲೂ ಹೋಯ್ತು, ನನ್ನ ತೋಳೂ ಹೋಯ್ತು!"

ಮಾತಿಗೆ ಮಾತು ಸಿಗದಿದ್ದಾಗ ಗಂಡಸಿಗೆ ಉಳಿಯುವುದು ಕೆಲಸ ಒಂದೇ. ಯಜಮಾನರು ಹಟ ಹಿಡಿದರು. ಹೊಸ ಸ್ಪ್ರಿಂಗ್, ಹೊಸ ಕವಲು, ಹೊಸ ಬಳೆ, ಬೇರಿಂಗು, ಸೀಲು ಎಲ್ಲ ತಂದರು. ಸ್ಪ್ರಿಂಗಿನ ತುದಿಯ ಉಕ್ಕಿನ ಗುಂಡು ಹಾರಿ ಅಟ್ಟಕ್ಕೆ ಬಡಿದು ಸೋಫಾದ ಕೆಳಗೆ ಸೇರಿತು. ಯಜಮಾನರು ಹೊಟ್ಟೆಯ ಮೇಲೆ ತೆವಳಿ ಅದನ್ನು ಹಿಡಿದು ತಂದರು. ಊಟ ಕರೆದರೂ ಏಳಲಿಲ್ಲ. ಭಾನುವಾರ ಸಂಜೆ ಪೆಟ್ಟಿಗೆ ಲಾರಿಯ ಹೊಟ್ಟೆ ಸೇರಿತು, ಹೊಸ ಎಣ್ಣೆ ಕುಡಿಯಿತು.

ಪರೀಕ್ಷೆಗೆ ಗುಡ್ಡದ ರಸ್ತೆಯ ಅತಿ ಕಡಿದಾದ ಏರು. ಮನೆಯಾಕೆ ಪಕ್ಕದಲ್ಲಿ ಕೂತು, ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಯಜಮಾನರು ಕಾಲು ಒತ್ತಿದರು, ತೆಗೆದರು, ಮತ್ತೆ ಒತ್ತಿದರು. ಲಿವರ್ ಕಮಕ್ ಕಿಮಕ್ ಎನ್ನಲಿಲ್ಲ. ಅವರ ಕಣ್ಣಲ್ಲಿ ನೀರೇ ಬಂತು.

"ಭೇಷ್ ರೀ!" ಎಂದಳು ಆಕೆ, ಮನಸಾರೆ.

ಸೋಮವಾರ ಬೆಳಿಗ್ಗೆ ಯಜಮಾನರು ಗಡ್ಡ ಬೋಳಿಸಿಕೊಳ್ಳುತ್ತಾ ಉದಾರವಾಗಿ, "ಇನ್ನು ನೀನು ಮನೇಲಿ ಹಾಯಾಗಿರು. ಲಾರಿಗೆ ಒಬ್ಬರು ಸಾಕು" ಎಂದರು.

"ನಾನೂ ಅದನ್ನೇ ಯೋಚಿಸ್ತಿದ್ದೆ" ಎಂದು ಆಕೆಯ ದನಿ ಬಂದದ್ದು ಅಡುಗೆಮನೆಯಿಂದಲ್ಲ, ಅಂಗಳದಿಂದ. ಎಂಜಿನ್ ಗುಡುಗಿತು. ಅರ್ಧ ಗಡ್ಡದ ಯಜಮಾನರು ಓಡಿ ಬಂದರು. ಆಕೆ ಸ್ಟಿಯರಿಂಗ್ ಹಿಂದೆ ಕೂತಿದ್ದಳು.

"ಲೇ! ಇಳಿಯೇ! ಲೈಸೆನ್ಸ್ ಬೇಡ್ವೇನೇ?"

"ಮದುವೆಗೆ ಮುಂಚೆಯಿಂದ ಇದೆ. ಅಪ್ಪಾನೇ ಕಲಿಸಿ ಮಾಡಿಸಿದ್ದು. ಒಂದಿನ ಕೇಳಿದ್ದೀರಾ?"

"ಮತ್ತೆ ಇಷ್ಟು ದಿನ ಯಾಕೆ ಓಡಿಸಲಿಲ್ಲ?"

"ಹೇಗೆ ಓಡಿಸೋದು? ಕೈ ಖಾಲಿ ಇತ್ತಾ?"

ಲಾರಿ ಹೊರಟಿತು. ಯಜಮಾನರು ಗೇಟು ಹಿಡಿದು ನಿಂತು ಗುಡ್ಡದ ಕಡೆ ಕಿವಿ ಕೊಟ್ಟರು. ಒಂದು ಸಲ ಟಣ್ ಎಂದರೆ ಸಾಕಿತ್ತು. ಎಂಜಿನ್ ಕಿರುಚುತ್ತದೆ, ಆಕೆ "ರೀ" ಎಂದು ಕೂಗುತ್ತಾಳೆ, ತಾವು ಓಡಿ ಹೋಗಿ ಡ್ರೈವರ್ ಸೀಟು ಏರಬಹುದು. ಲಾರಿ ಮೊದಲ ತಿರುವು ದಾಟಿತು. ಕಡಿದಾದ ಏರಿನಲ್ಲಿ ಆಕೆ ಕಾಲು ತೆಗೆದಳು, ಒತ್ತಿದಳು. ಸದ್ದು ಒಂದೇ ಸಮನೆ ಮೇಲೇರಿ ಗುಡ್ಡದಾಚೆ ಇಳಿಯಿತು.

ಒಳಗಿನಿಂದ ತಾಯಿ ಕೇಳಿದರು, "ಚೆನ್ನಾಗಿ ಹೋಗ್ತಾ ಇದೆಯೇನೋ?"

"ಹೋಗ್ತಾ ಇದೆಯಮ್ಮಾ" ಎಂದರು ಯಜಮಾನರು. "ಹಾಳಾದ್ದು, ಒಂದು ಚೂರು ಕೆಟ್ಟದಾಗಿ ರಿಪೇರಿ ಮಾಡಬಹುದಿತ್ತು."