ಟೈಲರನ ಗುಟ್ಟಿನ ಉತ್ತರ

ಟೈಲರ್ ಸ್ನಾನಕ್ಕೆ ಹೋಗಿದ್ದಾಗ ಅವನ ಫೋನ್ ಹೊಡೆದುಕೊಂಡಿತು, ಎತ್ತಿದವಳು ಹೆಂಡತಿ. ಎಡವಟ್ಟು ಶುರುವಾದದ್ದೇ ಅಲ್ಲಿಂದ.

"ಬ್ಯಾಂಕಿಂದ ಫೋನು. ಏನು ವಿಷಯ ಅಂತ ಕೇಳಿದ್ರೆ, ಗ್ರಾಹಕರ ಖಾಸಗಿ ಮಾಹಿತಿ, ಹೆಂಡತಿಗೂ ಹೇಳೋ ಹಾಗಿಲ್ಲ ಅಂದ್ಳು ಆ ಹುಡುಗಿ" ಎಂದು ಅವಳು ಟವೆಲ್ ಕೈಗಿತ್ತಳು. ಮತ್ತೇನೂ ಕೇಳಲಿಲ್ಲ. ಟೈಲರನಿಗೆ ಅದೇ ಕಷ್ಟವಾಯಿತು. ಕೇಳಿದ್ದರೆ ಏನೋ ಒಂದು ಹೇಳಿ ಜಾರಿಕೊಳ್ಳಬಹುದಿತ್ತು.

ಅವನ ಗುಟ್ಟು ಒಂದು ಟ್ರಂಪೆಟ್. ಮದುವೆಗೆ ಮುಂಚೆ ಬ್ಯಾಂಡಿನಲ್ಲಿ ಊದುತ್ತಿದ್ದವನು ಅವನು. ಹೆಂಡತಿ ಹಳೆಯದನ್ನು ಗುಜರಿಯವನಿಗೆ ದಾಟಿಸಿದ ದಿನದಿಂದ, ಹೊಸದೊಂದಕ್ಕೆ ಅವಳ ಕಣ್ಣು ತಪ್ಪಿಸಿ ಬ್ಯಾಂಕಿನಲ್ಲಿ ಕೂಡಿಡುತ್ತಿದ್ದ. ಗೊತ್ತಾದರೆ ಅಷ್ಟೂ ದುಡ್ಡು ಮನೆಯ ಸೋರುವ ಛಾವಣಿಯ ರಿಪೇರಿಗೆ ಹೋಗುವುದು ಖಂಡಿತ.

ಅಂಗಡಿ ತೆರೆಯದೆ ನೇರ ಬ್ಯಾಂಕಿಗೆ ನಡೆದ. ಮ್ಯಾನೇಜರು ಕುರ್ಚಿಗೆ ಒರಗಿ ಅಭಯವಿತ್ತರು: ಇಲ್ಲಿಂದ ಒಂದಕ್ಷರ ಹೊರಗೆ ಹೋಗುವುದಿಲ್ಲ, ಕೌಂಟರಿನಲ್ಲಿ ಹೇಳಿದರೆ ಇನ್ನು ಫೋನೂ ಬರುವುದಿಲ್ಲ. ಟೈಲರ್ ಎದೆಯುಬ್ಬಿಸಿಕೊಂಡು ಸಾಲಿನಲ್ಲಿ ನಿಂತ. ಹಿಂದೆ ಕ್ಷೌರಿಕ, ಅವನ ಹಿಂದೆ ಪಕ್ಕದ ಮನೆಯಾಕೆ.

ಕೌಂಟರಿನ ಗಾಜು ದಪ್ಪ, ಮಾತಿಗೆಂದು ಕೊರೆದ ತೂತು ಸೊಂಟದ ಮಟ್ಟದಲ್ಲಿ. ಖಾತೆ ತೆರೆಯುವಾಗ ಬರೆಸಿದ ಗುಟ್ಟಿನ ಉತ್ತರ ಹೇಳಿ, ನಿಮಗೆ ಬಹಳ ಇಷ್ಟವಾದ ವಸ್ತು ಯಾವುದು ಎಂದಳು ಗುಮಾಸ್ತೆ. ಟೈಲರ್ ಬಗ್ಗಿ ಪಿಸುಗುಟ್ಟಿದ. ಕೇಳಿಸಲಿಲ್ಲ ಎಂದಳು. ಇನ್ನಷ್ಟು ಬಗ್ಗಿದ. ಕ್ಷೌರಿಕನಿಗೆ ಕನಿಕರ ಉಕ್ಕಿ ಬಂತು.

"ಟ್ರಂಪೆಟ್ ಅಂತಿದಾರಮ್ಮ" ಎಂದ, ಇಡೀ ಬ್ಯಾಂಕಿಗೆ ಕೇಳುವಂತೆ.

ಪಕ್ಕದ ಮನೆಯಾಕೆ, ಮತ್ತೆ ಶುರುವಾಗುತ್ತದೆಯೇ ಎಂದು ಈಗಲೇ ಕಿವಿ ಮುಚ್ಚಿಕೊಂಡಳು.

ಉತ್ತರವೇನೋ ಸರಿಯಾಗಿತ್ತು. ಆದರೆ ನಾಲ್ಕು ಜನರ ಕಿವಿಗೆ ಬಿದ್ದರೆ ನಿಯಮದ ಪ್ರಕಾರ ಖಾತೆಗೆ ಬೀಗ. ಗುಮಾಸ್ತೆ ಜಡಿದೂ ಬಿಟ್ಟಳು. ತೆಗೆಸಬೇಕಾದರೆ ನಾಮಿನಿ ಖುದ್ದಾಗಿ ಬಂದು ಗುರುತು ಹಿಡಿದು ಸಹಿ ಹಾಕಬೇಕು. ನಾಮಿನಿ ಬೇರೆ ಯಾರೂ ಅಲ್ಲ, ಹೆಂಡತಿ.

ಟೈಲರ್ ಧೈರ್ಯಗೆಡಲಿಲ್ಲ. ಬ್ಯಾಂಕಿನವರು ಎಲ್ಲ ಗ್ರಾಹಕರ ಹೆಂಡತಿಯರನ್ನೂ ಒಮ್ಮೆ ನೋಡಬೇಕಂತೆ ಎಂದು ಮನೆಯಲ್ಲಿ ಸಲೀಸಾಗಿ ಹೇಳಿದ. ಅವಳು ಕೈಚೀಲ ಹಿಡಿದು ತೆಪ್ಪಗೆ ಬಂದಳು.

ಗುಮಾಸ್ತೆ ಕಂಪ್ಯೂಟರು ನೋಡಿ, ಇವರೂ ನಮ್ಮ ಗ್ರಾಹಕರೇ, ಹಾಗಾದರೆ ಮೊದಲು ಇವರ ಗುಟ್ಟಿನ ಉತ್ತರ ಬೇಕು ಎಂದಳು. ಟೈಲರ್ ಬೆಪ್ಪಾಗಿ ಹೆಂಡತಿಯ ಮುಖ ನೋಡಿದ. ಇವಳಿಗೂ ಖಾತೆಯೇ? ಅವಳಿಗಿದ್ದ ಪ್ರಶ್ನೆ, ನಿಮಗೆ ಕಂಡರಾಗದ ವಸ್ತು ಯಾವುದು ಎಂಬುದು. ಪಿಸುಗುಟ್ಟುವುದು ಅವಳ ಜಾಯಮಾನವಲ್ಲ.

"ಇವರ ಟ್ರಂಪೆಟ್."

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಇನ್ನೂ ಬ್ಯಾಂಕಿನಲ್ಲೇ ಇದ್ದ ಕ್ಷೌರಿಕ ಟೈಲರನ ಹೆಂಡತಿಯ ಮೆಚ್ಚಿನ ವಸ್ತುವೂ ಅದೇ ಎಂದುಕೊಂಡು, ನಿಮ್ಮ ಯಜಮಾನರೂ ಬೆಳಿಗ್ಗೆ ಅದನ್ನೇ ಹೇಳಿದ್ದು, ಹೊಸದು ಕೊಳ್ಳಲಿಕ್ಕಿರಬೇಕು ಎಂದು ಸಂತೋಷದಿಂದ ತಿಳಿಸಿದ. ಗುಮಾಸ್ತೆ ನಿಯಮ ಮೀರುವವಳಲ್ಲ, ಆ ಖಾತೆಗೂ ಬೀಗ ಬಿತ್ತು. ಅದರ ನಾಮಿನಿ ಟೈಲರ್.

ಇಬ್ಬರೂ ಬೆಂಚಿನ ಮೇಲೆ ಕೂತು ಒಬ್ಬರಿಗೊಬ್ಬರು ಸಹಿ ಹಾಕಿಕೊಟ್ಟರು. ನೀನು ಯಾತಕ್ಕೆ ಕೂಡಿಡುತ್ತಿದ್ದೀಯೆ ಎಂದು ಟೈಲರ್ ಮೆಲ್ಲಗೆ ಕೇಳಿದ.

"ಅದು ಗ್ರಾಹಕರ ಖಾಸಗಿ ಮಾಹಿತಿ, ಗಂಡನಿಗೂ ಹೇಳೋ ಹಾಗಿಲ್ಲ" ಎಂದು ಅವಳು ಪೆನ್ನು ಮುಚ್ಚಿದಳು. "ನಿಮ್ಮದಂತೂ ಊರಿಗೆಲ್ಲ ಗೊತ್ತಾಯ್ತಲ್ಲ. ಹೋಗ್ತಾ ಛಾವಣಿಯವನಿಗೆ ನಾಳೇನೇ ಬಾ ಅಂತ ಹೇಳಿ ಹೋಗೋಣ."