ಮುಳುಗುವ ಕಂಪನಿಯ ಕಾರೂ ನಮ್ಮ ಮಾವನೂ

ನಮ್ಮ ಸೋದರಮಾವ ನಿಮ್ಮ ಬೆನ್ನು ತಟ್ಟಿ "ನಾನಿದೀನಿ, ಹೆದರ್ಬೇಡಿ" ಎಂದರೆ ದಯವಿಟ್ಟು ಖುಷಿಪಡಬೇಡಿ. ನೀವು ಮುಳುಗುತ್ತಿದ್ದೀರಿ ಎಂದೇ ಅದರ ಅರ್ಥ! ಗೆಲ್ಲುವವರ ಕಡೆ ಮಾವ ತಿರುಗಿಯೂ ನೋಡುವವರಲ್ಲ.

ಕೊಡ್ಲಿಪೇಟೆಯ ಸಂತೆಗೆ ಅವರನ್ನು ಕಳಿಸಿ ನೋಡಿ. ತಾಜಾ ತರಕಾರಿಯ ಗುಡ್ಡೆಗಳನ್ನೆಲ್ಲ ದಾಟಿಕೊಂಡು ಹೋಗಿ, ಯಾರೂ ಮೂಸದ ಬದನೆಕಾಯಿ ಮುಂದಿಟ್ಟುಕೊಂಡು ಕೂತ ಅಜ್ಜಿಯನ್ನು ಹುಡುಕಿ, ಅಷ್ಟನ್ನೂ ಬಾಚಿಕೊಂಡು ಬರುತ್ತಾರೆ. ಆಮೇಲೆ ವಾರವಿಡೀ ಮನೆಯಲ್ಲಿ ಬದನೆಕಾಯಿ ಪಲ್ಯ, ಬದನೆಕಾಯಿ ಸಾರು, ಬದನೆಕಾಯಿ ಗೊಜ್ಜು. "ನಾಳೆ ಪಾಯಸಕ್ಕೂ ಇದನ್ನೇ ಹಾಕ್ತೀನಿ" ಎಂದು ಅತ್ತೆ ಹೆದರಿಸಿದರೂ ಮಾವ ಜಗ್ಗುವುದಿಲ್ಲ.

"ಎಲ್ರೂ ಗೆದ್ದೋರ ಹಿಂದೆ ಹೋದ್ರೆ ಸೋತೋರ್ಗೆ ಯಾರವ್ವಾ ದಿಕ್ಕು?" ಎಂದು ನನ್ನನ್ನೇ ಕೇಳುತ್ತಾರೆ. ನಾನು ಕುಶಾಲನಗರದಲ್ಲಿ ಹೈಸ್ಕೂಲು ಟೀಚರು. ಕ್ಲಾಸಿನ ಮಕ್ಕಳು ಏನು ಕೇಳಿದರೂ ಉತ್ತರ ಹೇಳಿಯೇನು, ಮಾವನಿಗೆ ಏನು ಹೇಳಲಿ?

ಅವರ ಜೊತೆ ಕೂತು ಕ್ರಿಕೆಟ್ ನೋಡುವುದಂತೂ ಬೇಡವೇ ಬೇಡ. ಯಾವ ತಂಡ ಸೋಲುತ್ತಿದೆಯೋ ಅದೇ ಮಾವನ ತಂಡ. ಪಾಪ, ಅದು ನಾಲ್ಕು ಸಿಕ್ಸರ್ ಹೊಡೆದು ಚೇತರಿಸಿಕೊಂಡಿತೋ, ಮಾವ ತಕ್ಷಣ ಎದುರು ತಂಡದ ಕಡೆಗೆ ಜಿಗಿಯುತ್ತಾರೆ. ಕೊನೆಯ ಓವರಿನವರೆಗೆ ಹಗ್ಗಜಗ್ಗಾಟ ನಡೆದರೆ ಆಟಗಾರರಿಗಿಂತ ಹೆಚ್ಚು ಸುಸ್ತಾಗುವುದು ಇವರಿಗೇ! ಬಸ್ ಸ್ಟ್ಯಾಂಡಿನ ಹತ್ತಿರ ಗಿರಾಕಿಯಿಲ್ಲದ ಹೋಟೆಲೊಂದಿತ್ತು. ಮಾವ ವರ್ಷಗಟ್ಟಲೆ ಅಲ್ಲಿಯ ಚಕ್ಕಳದಂಥ ದೋಸೆ ತಿಂದರು, ಕಂಡವರನ್ನೆಲ್ಲ ಎಳೆದೊಯ್ದು ತಿನ್ನಿಸಿದರು. ಅಂತೂ ದೋಸೆ ಸುಧಾರಿಸಿ, ಕೂರಲು ಜಾಗವಿಲ್ಲದಷ್ಟು ಜನ ಬರತೊಡಗಿದ ದಿನ ಮಾವ ಎದ್ದು ಬಂದರು. "ಅವ್ನಿಗೆ ಇನ್ನು ನಾನ್ಯಾಕೆ? ಎದುರುಗಡೆಯೋನು ನೊಣ ಹೊಡೀತಾ ಕೂತವ್ನೆ" ಎಂದು ರಸ್ತೆ ದಾಟಿಬಿಟ್ಟರು.

ಮನೆಯ ಸಾಮಾನುಗಳ ಕತೆ ಕೇಳಬೇಡಿ. ಬಾಗಿಲು ಮುಚ್ಚಲಿರುವ ಕಂಪನಿಗಳ ವಾಸನೆ ಅವರಿಗೆ ಎಲ್ಲಿಂದ ಬಡಿಯುತ್ತದೋ! ತಂದ ಮಿಕ್ಸಿಗೆ ಬ್ಲೇಡು ಸಿಗಲಿಲ್ಲ. ತಂದ ಟಿವಿಯ ರಿಮೋಟು ಕೆಟ್ಟ ಮೇಲೆ ಇನ್ನೊಂದು ರಿಮೋಟು ಹುಟ್ಟಲಿಲ್ಲ. ಅತ್ತೆ ಮಾತ್ರ ಒಂದು ದಿನವೂ ಮುನಿಸಿಕೊಂಡವರಲ್ಲ. ಒರಳುಕಲ್ಲಲ್ಲಿ ಕಾಯಿ ರುಬ್ಬುತ್ತಾ, "ಈ ಕಂಪನಿ ಒಂದು ಮುಚ್ಚಾಕಿಲ್ಲ ನೋಡು" ಎಂದು ಕಲ್ಲು ತೋರಿಸಿ ನಗುತ್ತಿದ್ದರು.

ಇಂಥ ಮಾವ ಕಾರು ಕೊಳ್ಳಲು ಹೊರಟರು. ಕಾರು ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಅತ್ತೆಯ ಕಿಡ್ನಿ ಕೈಕೊಟ್ಟು ಎರಡು ವರ್ಷವಾಗಿದೆ. ಪ್ರತಿ ಮಂಗಳವಾರ, ಶುಕ್ರವಾರ ಹಾಸನಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಲೇಬೇಕು, ತಪ್ಪಿಸುವಂತಿಲ್ಲ. ಆದರೆ ಮಾವನ ಹಳೇ ಜೀಪಿಗೆ ಮಂಗಳವಾರ ಯಾವುದು, ಶುಕ್ರವಾರ ಯಾವುದು? ಎರಡು ಸಲ ನಡುದಾರಿಯಲ್ಲಿ ನಿಂತಿತು. ಎರಡನೇ ಸಲ ಅತ್ತೆ ಶುಂಠಿ ಲಾರಿ ಹತ್ತಿ ಆಸ್ಪತ್ರೆ ಸೇರಿದರು. "ನರ್ಸಮ್ಮ ನನ್ನ ಮೂಸಿ ನೋಡಿ, ಕಷಾಯ ತಂದಿದೀರಾ ಅಂದ್ಲು ಕಣೇ" ಎಂದು ಆಮೇಲೆ ನಕ್ಕರು. ಡಾಕ್ಟರು ನಗಲಿಲ್ಲ. ಇನ್ನೊಮ್ಮೆ ಹೀಗಾದರೆ ಜೀವಕ್ಕೇ ಅಪಾಯ ಎಂದು ಗದರಿ ಕಳಿಸಿದರು.

ಆ ಸಲ ಮಾವನ ತೋಟದ ಕಾಫಿಗೆ ಒಳ್ಳೆಯ ರೇಟು ಸಿಕ್ಕಿತ್ತು. ಕೊಡ್ಲಿಪೇಟೆಯ ಯಾವ ಮೆಕ್ಯಾನಿಕ್ಕಾದರೂ ಕಣ್ಣುಮುಚ್ಚಿ ರಿಪೇರಿ ಮಾಡಬಹುದಾದ ಕಾರು ತಗೊಳ್ಳಿ ಎಂದು ಎಲ್ಲರೂ ಹೇಳಿದೆವು. ಮಾವ ಪೇಪರ್ ಮಡಚಿ ನನ್ನ ಮುಂದಿಟ್ಟರು. ಹಿಂದೊಮ್ಮೆ ಮಹಾರಾಜರಂತೆ ಮೆರೆದ ವಿದೇಶಿ ಕಂಪನಿಯ ಕಾರುಗಳನ್ನು ಈಗ ಕೇಳುವವರೇ ಇಲ್ಲವಂತೆ, ಊರೂರಲ್ಲಿ ಷೋರೂಂ ಮುಚ್ಚುತ್ತಿವೆಯಂತೆ, ಅದಕ್ಕೇ ಭಾರೀ ರಿಯಾಯಿತಿಯಂತೆ.

"ಎಂಥಾ ಕಂಪನಿ! ಎಂಗಾಗೋಯ್ತು ನೋಡವ್ವಾ" ಎಂದರು. ನೆಂಟರ ಮನೆಯ ಸಾವಿನ ಸುದ್ದಿ ಹೇಳುವ ದನಿ!

ಭಾನುವಾರ ಮಾವ, ಅತ್ತೆ, ನಾನು ಮೈಸೂರಿನ ಷೋರೂಮಿಗೆ ಹೊರಟೆವು. ಮಾವನನ್ನು ತಡೆಯಲೆಂದೇ ಮನೆಯವರು ನನ್ನನ್ನು ಜೊತೆಗೆ ಅಟ್ಟಿದ್ದರು. ಮಾವ ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ ಹಿಡಿದಿದ್ದರು. ಕಾರು ಕೊಳ್ಳಲು ಹೋಗುವವರು ಹಣ್ಣು ಒಯ್ಯುವುದುಂಟೇ? "ಕಷ್ಟದಲ್ಲಿರೋರ ಮನೆಗೆ ಬರೀ ಕೈಲಿ ಹೋಗ್ತಾರಾ?" ಎಂದು ನನ್ನನ್ನೇ ಗದರಿದರು.

ಷೋರೂಮಿನಲ್ಲಿ ಮೂರು ಕಾರು, ಒಬ್ಬ ಸೇಲ್ಸ್‌ಮನ್. ಐವತ್ತು ದಾಟಿದ ಮನುಷ್ಯ. ಕರೆಂಟು ಉಳಿಸಲು ಏಸಿ ಆರಿಸಿದ್ದರಿಂದ ಕೋಟಿನೊಳಗೇ ಬೆವರುತ್ತಿದ್ದರು. ಮಾವ ಕಾರಿನ ಬೆಲೆ ಕೇಳಲಿಲ್ಲ, ಮೈಲೇಜು ಕೇಳಲಿಲ್ಲ. "ಸಂಬಳ ಆಗ್ತೈತಾ ಸ್ವಾಮಿ?" ಎಂದರು.

"ಎರಡು ತಿಂಗಳಿಂದ ಇಲ್ಲ ಸಾರ್."

"ಮುಗೀತು. ಕಾರು ಮನೆಗೆ ಬಂತು ಅಂತ್ಲೇ ತಿಳ್ಕೋ" ಎಂದು ಅತ್ತೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಕಾರಂತೂ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಕೂತರೆ ಮೇಲೇಳುವ ಮನಸ್ಸೇ ಬಾರದಂಥ ಸೀಟು. "ಅತ್ತೆ, ಬೇಡ ಅಂತ ಒಂದು ಮಾತು ಹೇಳಿಬಿಡಿ" ಎಂದು ನಾನು ಗೋಗರೆದೆ. "ಅವರಿಗೆ ಆಸೆ ಐತೆ ಬುಡು. ನನ್ನಿಂದ ಅವರಿಗೆ ಓಡಾಟ ಒಂದು ಕಮ್ಮಿಯಾಗೈತಾ?" ಎಂದರು ಅತ್ತೆ. ಅಷ್ಟರಲ್ಲಿ ಮಾವ ಚೆಕ್ ಬುಕ್ ತೆಗೆದು ಮೇಜಿನ ಮೇಲಿಟ್ಟು, ಪೆನ್ನಿನ ಮುಚ್ಚಳ ಬಿಚ್ಚಿ ಕೂತಿದ್ದರು.

ಬರೆಯುವ ಮೊದಲು ಮಾವ ತಲೆಯೆತ್ತಿ ಆ ಮನುಷ್ಯನನ್ನು ನೋಡಿದರು. "ಒಂದ್ ಮಾತು ಸ್ವಾಮಿ. ನಮ್ಮನೇವ್ರನ್ನ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಕರ್ಕೊಂಡೋಗ್ಬೇಕು. ನಿಮ್ಮನೇವ್ರಿಗೆ ಇಂಗಾಗಿದ್ರೆ, ನೀವು ಈ ಕಾರು ತಗೊತಿದ್ರಾ?"

ಆ ಮನುಷ್ಯ ಕಿತ್ತಳೆಯ ಚೀಲ ನೋಡಿದರು. ಅತ್ತೆಯ ಕೈಗೆ ಸುತ್ತಿದ್ದ ಬ್ಯಾಂಡೇಜು ನೋಡಿದರು. ತಿಂಗಳುಗಳಿಂದ ಕಾಯುತ್ತಿದ್ದ ಒಂದೇ ಒಂದು ಗಿರಾಕಿ ಎದುರಿಗಿತ್ತು!

"ಇಲ್ಲ ಸಾರ್" ಎಂದರು ಮೆಲ್ಲಗೆ. "ಕೆಟ್ಟರೆ ಸ್ಪೇರ್ ಪಾರ್ಟ್ ಬರೋಕೆ ತಿಂಗಳಾದರೂ ಆಗಬಹುದು. ಮುಂದಿನ ವರ್ಷ ನಾವು ಇರ್ತೀವೋ ಇಲ್ವೋ. ಅಮ್ಮಾವ್ರನ್ನ ಇದರಲ್ಲಿ ಕರ್ಕೊಂಡು ಹೋಗ್ಬೇಡಿ."

ಮಾವ ಎದ್ದು ನಿಂತು ಅವರ ಎರಡೂ ಕೈ ಹಿಡಿದುಕೊಂಡರು. ಕಿತ್ತಳೆಯ ಚೀಲವನ್ನು ಅವರ ಮುಂದೆ ಸರಿಸಿ, ಚೆಕ್ ಬುಕ್ಕನ್ನು ಜೇಬಿಗಿಳಿಸಿ ಹೊರಗೆ ನಡೆದರು. ಅಬ್ಬಾ! ಊರ ದೇವರಿಗೆಲ್ಲ ಮನಸ್ಸಿನಲ್ಲೇ ಹಣ್ಣುಕಾಯಿ ಒಪ್ಪಿಸಿದೆ. ಆದರೂ ಗಾಜಿನಾಚೆ ಒಂಟಿಯಾಗಿ ನಿಂತ ಆ ಮನುಷ್ಯನನ್ನು ಎರಡು ಸಲ ತಿರುಗಿ ನೋಡಿದ್ದೂ ನಿಜ.

ಅಲ್ಲಿಂದ ನೇರವಾಗಿ ಎಲ್ಲರೂ ಕೊಳ್ಳುವ ಕಾರಿನ ಷೋರೂಮಿಗೆ ಹೋದೆವು. ಜಾತ್ರೆ! ಒಂದು ಕಡೆ ಹೊಸ ಕಾರಿಗೆ ಹಾರ, ಇನ್ನೊಂದು ಕಡೆ ಚಕ್ರದಡಿ ನಿಂಬೆಹಣ್ಣು. "ಕೂತಿರಿ, ಕರೀತೀವಿ" ಎಂದು ಹೇಳಿ ಹೋದವರು ಮುಕ್ಕಾಲು ಗಂಟೆಯಾದರೂ ನಮ್ಮ ಕಡೆ ನೋಡಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಗೆದ್ದವರ ಗುಂಪಿನಲ್ಲಿ ಕೂತ ಮಾವ, ತಪ್ಪು ಮದುವೆಮನೆಗೆ ಬಂದು ಊಟಕ್ಕೆ ಕೂತವರ ಹಾಗೆ ಚಡಪಡಿಸುತ್ತಿದ್ದರು. ಅತ್ತೆಗೆ ನಗು ತಡೆಯಲಾಗಲಿಲ್ಲ.

"ಅಂತೂ ಗೆಲ್ಲೋರ ಕಡೆ ಬಂದ್ರಲ್ಲ! ಎಂಗೈತೆ ಇಲ್ಲಿ?"

ಮಾವ ನಗಲಿಲ್ಲ. ಅತ್ತೆಯ ಬ್ಯಾಂಡೇಜಿನ ಕೈಯನ್ನು ಮೆಲ್ಲಗೆ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಅಷ್ಟು ಜನರ ನಡುವೆ, ನನ್ನ ಎದುರಿಗೇ!

"ಬೇರೆ ಎಲ್ಲಾ ಕಡೆ ಸೋತೇನು ಕಣೇ" ಎಂದರು. "ನಿನ್ನ ಕಳ್ಕೊಂಡು ಸೋಲಾಕೆ ನನ್ನ ಕೈಲಾಗಲ್ಲ."

ಅತ್ತೆ ಸೆರಗಿನ ಅಂಚಿನಿಂದ ಕಣ್ಣೊತ್ತಿಕೊಂಡರು. ಕೌಂಟರಿನ ಕಡೆ ಯಾರೋ ಮಾವನ ಹೆಸರು ಕೂಗುತ್ತಿದ್ದರು. ಅತ್ತೆಗೂ ಕೇಳಿಸಿತು, ನನಗೂ ಕೇಳಿಸಿತು. ಇಬ್ಬರೂ ಏಳಲಿಲ್ಲ.

"ಕರೀತಾವ್ರೆ, ಏಳಿ" ಎಂದರು ಅತ್ತೆ, ಕೈ ಬಿಡಿಸಿಕೊಳ್ಳದೆ.